ಲೈಸೆನ್ಸ್ ಸಾಫ್ಟ್‌ವೇರ್ ಬದಲು ಓಪನ್ ಸೋರ್ಸ್: ನಿಮ್ಮ ಪ್ರಶ್ನೆ, ನನ್ನ ಉತ್ತರ

ಎಲ್ಲರಿಗೂ ನಮಸ್ಕಾರ. ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಲೈಸೆನ್ಸ್ ಮುಗಿದ ದಿನ ಮೊದಲ ಫೋನ್ ಬರುವುದು ನನಗೇ. "ಇದರ ಬದಲು ಫ್ರೀ ಯಾವುದಿದೆ" ಅಂತ ಗುಂಪಿನಲ್ಲಿ ತುಂಬಾ ಜನ ಕೇಳಿದ್ದರಿಂದ ಇಲ್ಲಿ ಒಟ್ಟಿಗೆ ಉತ್ತರಿಸುತ್ತೇನೆ. ಓಪನ್ ಸೋರ್ಸ್ ಅಂದರೆ ಒಳಗಿನ ಕೋಡ್ ಎಲ್ಲರೂ ನೋಡಲು, ಬದಲಿಸಲು ತೆರೆದಿರುವ ಸಾಫ್ಟ್‌ವೇರ್. ಕೇಳುವಾಗ ಒಂದು ಮಾತು ಸೇರಿಸಿ: ನಿಮ್ಮ ಫೈಲ್ ಯಾರಿಗೆ ಹೋಗುತ್ತದೆ, ಯಾರಿಂದ ಬರುತ್ತದೆ? ಸಾಫ್ಟ್‌ವೇರ್ ಹೆಸರಿಗಿಂತ ನನಗೆ ಅದೇ ಮುಖ್ಯ.

ಪ್ರಶ್ನೆ: ಸರ್, ನಮ್ಮದು ಆರು ಕಂಪ್ಯೂಟರ್ ಇರುವ ಆಫೀಸು. ವರ್ಡ್, ಎಕ್ಸೆಲ್‌ಗೆ ವರ್ಷ ವರ್ಷ ದುಡ್ಡು ಕಟ್ಟಿ ಸಾಕಾಗಿದೆ. ಒಂದು ಕಂಪ್ಯೂಟರಿಗೆ ಅವುಗಳ ಬದಲು ಫ್ರೀ ಸಿಗುವ ಲಿಬ್ರೆ ಆಫೀಸ್ ಹಾಕಿ ನೋಡಿದೆವು. ವರ್ಡ್‌ನಲ್ಲಿ ಎರಡು ಪುಟ ಇದ್ದ ಪತ್ರ ಇಲ್ಲಿ ಮೂರು ಪುಟ ಆಗಿದೆ. ಮೂರನೇ ಪುಟದಲ್ಲಿ ಬರೀ ಸಹಿ! ಹುಡುಗರು "ಇದು ಬೇಡವೇ ಬೇಡ" ಅನ್ನುತ್ತಿದ್ದಾರೆ.

ಉತ್ತರ: ಆ ಪತ್ರವನ್ನು ಮತ್ತೆ ತೆರೆಯಿರಿ. ಯಾವುದಾದರೂ ಸಾಲಿನ ಮೇಲೆ ಕ್ಲಿಕ್ ಮಾಡಿ, ಮೇಲೆ ಫಾಂಟ್ ಹೆಸರು ಇರುವ ಪೆಟ್ಟಿಗೆ ನೋಡಿ. ಹೆಸರು ಓರೆ ಅಕ್ಷರದಲ್ಲಿ ಕಾಣುತ್ತಿದೆಯಾ? ಹಾಗಿದ್ದರೆ ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ ಅಂತ ಅರ್ಥ. ಲಿಬ್ರೆ ಆಫೀಸ್ ಅದರ ಜಾಗದಲ್ಲಿ ಬೇರೆ ಯಾವುದನ್ನೋ ಹಾಕಿಕೊಂಡಿದೆ. ಹೊಸ ಫಾಂಟಿನ ಅಕ್ಷರ ಕೂದಲೆಳೆಯಷ್ಟು ಹೆಚ್ಚು ಅಗಲ ಇದ್ದರೂ ಸಾಕು. ಒಂದು ಸಾಲಿನ ಕೊನೆಯ ಪದ ಕೆಳಗೆ ಬೀಳುತ್ತದೆ, ಅದು ಇನ್ನೊಂದನ್ನು ತಳ್ಳುತ್ತದೆ, ಕೊನೆಗೆ ನಿಮ್ಮ ಸಹಿ ಮೂರನೇ ಪುಟಕ್ಕೆ ಹೋಗಿ ಕೂರುತ್ತದೆ.

ವರ್ಡ್‌ನ ಹೊಸ ಆವೃತ್ತಿಗಳಲ್ಲಿ ತಾನಾಗಿ ಬರುವ ಫಾಂಟ್ ಆಪ್ಟೋಸ್. ಅದು ಮೈಕ್ರೋಸಾಫ್ಟ್ 365 ಜೊತೆ ಬರುತ್ತದೆ, ವಿಂಡೋಸ್ ಜೊತೆ ಬರುವುದಿಲ್ಲ. ನಿಮ್ಮದೂ ಅದೇ ಇರಬೇಕು ಅಂತ ನನ್ನ ಅನುಮಾನ. ಹಿಂದೆ ಇದ್ದ ಕ್ಯಾಲಿಬ್ರಿಯ ಕಥೆ ಬೇರೆ. ಅದಕ್ಕೆ ಕಾರ್ಲಿಟೋ ಅಂತ ಒಂದು ಜೋಡಿ ಫಾಂಟ್ ಇದೆ. ಆಕಾರದಲ್ಲಿ ಸ್ವಲ್ಪ ಬೇರೆ, ಆದರೆ ಪ್ರತಿ ಅಕ್ಷರದ ಅಗಲ ಎರಡರಲ್ಲೂ ಒಂದೇ. ಹಾಗಾಗಿ ಸಾಲು ಜಾರುವುದಿಲ್ಲ. ಕೇಂಬ್ರಿಯಾಗೆ ಕ್ಯಾಲಡಿಯಾ, ಏರಿಯಲ್‌ಗೆ ಲಿಬರೇಶನ್ ಸ್ಯಾನ್ಸ್, ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಸೆರಿಫ್. ಇವೆಲ್ಲ ಲಿಬ್ರೆ ಆಫೀಸ್ ಜೊತೆಗೇ ಬರುತ್ತವೆ.

ಹಾಗಾಗಿ ನಿಮ್ಮ ಲೆಟರ್‌ಹೆಡ್, ಕೊಟೇಶನ್ ನಮೂನೆಗಳನ್ನೆಲ್ಲ ಒಂದು ದಿನ ಕೂತು ಈ ಫಾಂಟ್‌ಗಳಿಗೆ ಬದಲಿಸಿ. ಹೊರಗಿನವರು ಓದಿದರೆ ಸಾಕು, ತಿದ್ದಬೇಕಿಲ್ಲ ಅನ್ನುವ ಪತ್ರಗಳನ್ನು ಪಿಡಿಎಫ್ ಮಾಡಿ ಕಳಿಸಿ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿರುತ್ತದೆ, ಅವರ ಹತ್ತಿರ ಏನಿದ್ದರೂ ಪುಟ ಅಲ್ಲಾಡುವುದಿಲ್ಲ.

ಇನ್ನು ಹುಡುಗರ ವಿಷಯ. ಬಟನ್‌ಗಳು ಹಳೇ ಕಾಲದವು ಅಂತ ಅವರಿಗೆ ಬೇಜಾರಾಗಿದ್ದರೆ ವ್ಯೂ ಮೆನುವಿನಲ್ಲಿ ಯೂಸರ್ ಇಂಟರ್‌ಫೇಸ್ ಅಂತ ಇದೆ. ಅಲ್ಲಿ ಟ್ಯಾಬ್ಡ್ ಆರಿಸಿ. ನೋಡಲು ವರ್ಡ್‌ನಂತೆಯೇ ಆಗುತ್ತದೆ. ಅರ್ಧ ತಕರಾರು ಅಲ್ಲಿಗೇ ನಿಲ್ಲುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಅದೇ ಪ್ರಶ್ನೆ ಕೇಳಿದವರು: ಹೌದು ಸರ್, ಆಪ್ಟೋಸ್ ಅಂತಲೇ ಓರೆಯಾಗಿ ಕಾಣುತ್ತಿದೆ! ಕಾರ್ಲಿಟೋಗೆ ಬದಲಿಸಿದ ತಕ್ಷಣ ಎರಡು ಪುಟಕ್ಕೆ ಬಂತು. ಹಾಗಾದರೆ ನಾಳೆಯೇ ಆರಕ್ಕೆ ಆರೂ ಬದಲಿಸಿಬಿಡಲಾ?

ಉತ್ತರ: ಬೇಡ. ದಯವಿಟ್ಟು ಬೇಡ! ನನ್ನ ಕಥೆ ಕೇಳಿ.

ಒಮ್ಮೆ ಒಂದು ಆಫೀಸಿನಲ್ಲಿ ಶನಿವಾರ ರಾತ್ರಿ ಕೂತು ಎಲ್ಲಾ ಕಂಪ್ಯೂಟರ್ ಬದಲಿಸಿದೆ. ನಾಲ್ಕಾರು ಪತ್ರ, ನಾಲ್ಕಾರು ಎಕ್ಸೆಲ್ ತೆರೆದು ನೋಡಿದ್ದೆ, ಎಲ್ಲಾ ಚೆನ್ನಾಗಿತ್ತು. ಸೋಮವಾರ ಬೆಳಿಗ್ಗೆ ಬಿಲ್ ಬರೆಯುವವರ ಫೋನ್. ಅವರ ಎಕ್ಸೆಲ್ ಹಾಳೆಯಲ್ಲಿ "ಬಿಲ್ ತಯಾರಿಸು" ಅಂತ ಒಂದು ಬಟನ್. ಒತ್ತಿದರೆ ಏನೂ ಆಗುತ್ತಿಲ್ಲ. ಎರರ್ ಕೂಡ ಇಲ್ಲ, ಸುಮ್ನೆ ಕೂತಿದೆ. ಅದರ ಹಿಂದೆ ಯಾರೋ ಯಾವಾಗಲೋ ಬರೆದಿಟ್ಟ ವಿಬಿಎ ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೇ ತಾನಾಗಿ ಕೆಲಸ ಮಾಡುವ ಸಣ್ಣ ಪ್ರೋಗ್ರಾಂ, ಇತ್ತು. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಹಾಳೆ ನೋಡಿದವನು ನಾನು, ಬಟನ್ ಒತ್ತಿ ನೋಡಿರಲಿಲ್ಲ. ಆ ದಿನ ಅವರ ಬಿಲ್‌ಗಳನ್ನೆಲ್ಲ ಪಕ್ಕದಲ್ಲಿ ಕೂತು ಕೈಯಾರೆ ಮಾಡಿಕೊಟ್ಟೆ.

ಲಿಬ್ರೆ ಆಫೀಸ್‌ನಲ್ಲಿ ಎಕ್ಸೆಲ್ ಜಾಗದಲ್ಲಿರುವ ಕ್ಯಾಲ್ಕ್ ಕೆಲವು ವಿಬಿಎ ಮ್ಯಾಕ್ರೋಗಳನ್ನು ಓಡಿಸುತ್ತದೆ, ಎಲ್ಲವನ್ನೂ ಅಲ್ಲ. ಬಟನ್, ಫಾರ್ಮ್ ಇರುವಂಥವು ಕೈಕೊಡುವುದು ಜಾಸ್ತಿ. ಪವರ್ ಕ್ವೆರಿ ಬಳಸಿ ಬೇರೆ ಕಡೆಯಿಂದ ಡೇಟಾ ಎಳೆದುಕೊಳ್ಳುವ ಹಾಳೆ ಇದ್ದರೆ ಅದೂ ನಡೆಯುವುದಿಲ್ಲ. ಮಾಮೂಲಿ ಸೂತ್ರ, ಪಿವಟ್ ಟೇಬಲ್, ಚಾರ್ಟ್‌ಗಳಿಗೆ ತೊಂದರೆ ಇಲ್ಲ. ಹಾಳೆಯಲ್ಲಿ ಹುಡುಕಿ ತರುವ ಎಕ್ಸ್‌ಲುಕಪ್ ಸೂತ್ರ ಕೂಡ 2024ರಲ್ಲಿ ಬಂದ 24.8 ಆವೃತ್ತಿಯಿಂದ ಇದೆ. ಹಳೇ ಆವೃತ್ತಿ ಹಾಕಿಕೊಂಡು "ಇದರಲ್ಲಿ ಅದಿಲ್ಲ" ಅನ್ನುವವರೇ ಜಾಸ್ತಿ.

ಹೀಗೆ ಮಾಡಿ. ಆರರಲ್ಲಿ ನಾಲ್ಕು ಬದಲಿಸಿ. ಮ್ಯಾಕ್ರೋ ಇರುವ ಹಾಳೆ ಯಾರ ಹತ್ತಿರ ಇದೆಯೋ, ವಾರವಿಡೀ ಹೊರಗಿನವರ ಜೊತೆ ಒಂದೇ ಡಾಕ್ಸ್ (ವರ್ಡ್) ಫೈಲನ್ನು ತಿದ್ದಿ ತಿದ್ದಿ ಕಳಿಸುವವರು ಯಾರೋ, ಅವರಿಬ್ಬರಿಗೆ ಹಳೆಯದನ್ನೇ ಬಿಡಿ. ಎರಡು ಲೈಸೆನ್ಸ್ ಕಟ್ಟಿದರೆ ಸೋತ ಹಾಗೇನೂ ಅಲ್ಲ.

ಪ್ರಶ್ನೆ: ಓಪನ್ ಆಫೀಸ್, ಲಿಬ್ರೆ ಆಫೀಸ್ ಎರಡೂ ಒಂದೇನಾ? ಯಾವುದು ಹಾಕಲಿ?

ಉತ್ತರ: ಒಂದೇ ಬೇರು, ಈಗ ಬೇರೆ ಬೇರೆ ಮರ. ಓಪನ್ ಆಫೀಸ್ ಸನ್ ಕಂಪನಿಯ ಕೈಲಿತ್ತು. 2010ರಲ್ಲಿ ಸನ್ ಅನ್ನು ಒರಾಕಲ್ ಕೊಂಡಿತು. ಅದೇ ವರ್ಷ ಕೆಲಸ ಮಾಡುವವರಲ್ಲಿ ಹಲವರು ಹೊರಬಂದು ಲಿಬ್ರೆ ಆಫೀಸ್ ಶುರು ಮಾಡಿದರು. ಕೋಡ್ ಎಲ್ಲರದ್ದೂ ಆಗಿದ್ದರಿಂದ ಹಾಗೆ ಹೊರಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೊಸ ಕೆಲಸವೆಲ್ಲ ಈಗ ಅಲ್ಲೇ ನಡೆಯುತ್ತಿದೆ. ಓಪನ್ ಆಫೀಸ್ ಡಾಕ್ಸ್ ಫೈಲನ್ನು ತೆರೆಯುತ್ತದೆ, ಆದರೆ ಡಾಕ್ಸ್ ಆಗಿ ಉಳಿಸುವುದಿಲ್ಲ. ಇದೊಂದೇ ಸಾಕು ಅಲ್ವಾ? ಲಿಬ್ರೆ ಹಾಕಿ.

ಪ್ರಶ್ನೆ: ಅಣ್ಣಾ, ನಾನು ಡಿಸೈನ್ ಕೆಲಸ ಮಾಡುತ್ತೇನೆ. ಫೋಟೋಶಾಪ್, ಕೋರಲ್ ಎರಡೂ ಬಿಡಬೇಕು ಅಂತ ಆಸೆ. ಪ್ರೆಸ್‌ನವರು ಸಿಎಂವೈಕೆ, ಅಂದರೆ ಮುದ್ರಣದ ನಾಲ್ಕು ಶಾಯಿಯ ಬಣ್ಣ, ಕೇಳುತ್ತಾರೆ. ಫೋಟೋ ತಿದ್ದುವ ಓಪನ್ ಸೋರ್ಸ್ ಜಿಂಪ್‌ನಲ್ಲಿ ಅದು ಆಗಲ್ಲ ಅನ್ನುತ್ತಾರಲ್ಲ?

ಉತ್ತರ: ಅರ್ಧ ನಿಜ ತಂಗಿ. ಜಿಂಪ್ ಒಳಗೆ ಕೆಲಸ ನಡೆಯುವುದು ಪರದೆಯ ಬಣ್ಣವಾದ ಆರ್‌ಜಿಬಿಯಲ್ಲೇ. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ, ಮುದ್ರಣದಲ್ಲಿ ಬಣ್ಣ ಹೇಗೆ ಕಾಣಬಹುದು ಅಂತ ಪರದೆಯಲ್ಲೇ ನೋಡಿ, ಹೊರಗೆ ಕಳಿಸುವಾಗ ಸಿಎಂವೈಕೆ ಟಿಫ್ ಮಾಡಿಕೊಳ್ಳಬಹುದು. ಮೊದಲಿನಿಂದಲೇ ಸಿಎಂವೈಕೆಯಲ್ಲಿ ಬಣ್ಣ ಹಚ್ಚಬೇಕು ಅಂದರೆ ಕ್ರೀಟಾ ನೋಡಿ.

ಆದರೆ ನಿನ್ನ ಕೆಲಸದ ಸರಪಳಿಯಲ್ಲಿ ನಿಜವಾಗಿ ಬೇಕಿರುವುದು ಸ್ಕ್ರೈಬಸ್. ಫೋಟೋ ಜಿಂಪ್‌ನಲ್ಲಿ ತಿದ್ದು, ಲೋಗೋ, ಗೆರೆಯ ಚಿತ್ರಗಳನ್ನು ಇಂಕ್‌ಸ್ಕೇಪ್‌ನಲ್ಲಿ ಮಾಡು, ಕೊನೆಗೆ ಎರಡನ್ನೂ ಸ್ಕ್ರೈಬಸ್‌ಗೆ ತಂದು ಪುಟ ಜೋಡಿಸು. ಪ್ರೆಸ್‌ಗೆ ಬೇಕಾದ ಸಿಎಂವೈಕೆ ಪಿಡಿಎಫ್ ಅಲ್ಲಿಂದ ಬರುತ್ತದೆ. ಕಟಿಂಗ್ ಗುರುತು, ಬ್ಲೀಡ್ ಎಲ್ಲಾ ಹಾಕುತ್ತದೆ. ಮೂರು ಸಾಫ್ಟ್‌ವೇರ್ ಕಲಿಯಬೇಕು ಅನ್ನುವುದು ಕಷ್ಟವೇ, ಅದನ್ನು ಮುಚ್ಚಿಡುವುದಿಲ್ಲ.

ನಿನ್ನ ಹಳೇ ಫೈಲ್‌ಗಳ ಬಗ್ಗೆ ಎಚ್ಚರ. ಫೋಟೋಶಾಪ್‌ನ ಪಿಎಸ್‌ಡಿ ಫೈಲ್ ಜಿಂಪ್‌ನಲ್ಲಿ ತೆರೆಯುತ್ತದೆ, ಲೇಯರ್‌ಗಳೂ ಬರುತ್ತವೆ. ಆದರೆ ಅಕ್ಷರದ ಲೇಯರ್ ಎಷ್ಟೋ ಸಲ ಬರೀ ಚಿತ್ರವಾಗಿ ಬರುತ್ತದೆ, ಒಂದು ಕಾಗುಣಿತ ತಪ್ಪಿದ್ದರೂ ತಿದ್ದಲು ಆಗುವುದಿಲ್ಲ. ಕೋರಲ್ ಫೈಲನ್ನು ಇಂಕ್‌ಸ್ಕೇಪ್ ಒಂದು ಮಟ್ಟಕ್ಕೆ ತೆರೆಯುತ್ತದೆ, ಅಷ್ಟೇ. ಹಾಗಾಗಿ ಲೈಸೆನ್ಸ್ ಮುಗಿಯುವ ಮೊದಲೇ, ಮತ್ತೆ ಬೇಕಾಗುವ ಕೋರಲ್ ಕೆಲಸಗಳನ್ನೆಲ್ಲ ಎಸ್‌ವಿಜಿ ಮತ್ತು ಪಿಡಿಎಫ್ ಆಗಿ ಇಳಿಸಿಟ್ಟುಕೋ. ಮುಗಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಪ್ರೆಸ್‌ನವರು ತಿದ್ದಲು ಕೋರಲ್ ಫೈಲೇ ಬೇಕು ಅಂತ ಹಟ ಹಿಡಿದರೆ? ಆಗ ಕೋರಲ್ ಇಟ್ಟುಕೊಳ್ಳಲೇಬೇಕು.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಅಂಕಿಅಂಶ ಲೆಕ್ಕ ಹಾಕುವ ಎಸ್‌ಪಿಎಸ್‌ಎಸ್ ಕೊಳ್ಳುವ ಶಕ್ತಿ ಇಲ್ಲ. ಕ್ರ್ಯಾಕ್ ಮಾಡಿದ್ದು ಹಾಕಿಕೊಳ್ಳಿ ಅನ್ನುತ್ತಾರೆ, ನನಗೆ ಭಯ.

ಉತ್ತರ: ಭಯ ಸರಿಯಾಗಿಯೇ ಇದೆ ಮೇಡಂ. ಕ್ರ್ಯಾಕ್ ಓಡಿಸಲು "ಮೊದಲು ಆಂಟಿವೈರಸ್ ಆಫ್ ಮಾಡಿ" ಅನ್ನುತ್ತಾರಲ್ಲ, ಅಲ್ಲೇ ಗೊತ್ತಾಗಬೇಕು.

ನಿಮಗೆ ಎರಡು ದಾರಿ. ಪಿಎಸ್‌ಪಿಪಿ ಅಂತ ಗ್ನೂ ಯೋಜನೆಯ ಸಾಫ್ಟ್‌ವೇರ್ ಇದೆ. ಎಸ್‌ಪಿಎಸ್‌ಎಸ್‌ನ ಸ್ಯಾವ್ ಫೈಲನ್ನೇ ತೆರೆಯುತ್ತದೆ, ಬರೆಯುವ ಕಮಾಂಡ್ ಕೂಡ ಅದೇ ಮಾದರಿ. ಇನ್ನೊಂದು ಜಾಸ್ಪ್, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರು ಮಾಡಿದ್ದು. ನನ್ನ ಓಟು ಜಾಸ್ಪ್‌ಗೆ. ಎಡಗಡೆ ಟಿಕ್ ಮಾಡುತ್ತಾ ಹೋದರೆ ಬಲಗಡೆ ಕೋಷ್ಟಕ ಬದಲಾಗುತ್ತಾ ಹೋಗುತ್ತದೆ. ಟಿ ಟೆಸ್ಟ್, ಅನೋವಾ, ರಿಗ್ರೆಶನ್‌ಗೆ ಎರಡರಲ್ಲಿ ಯಾವುದಾದರೂ ಸಾಕು. ಅದಕ್ಕೂ ಮುಂದೆ ಹೋಗುವುದಿದ್ದರೆ ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಮೊದಲ ತಿಂಗಳು ಅಳು ಬರುತ್ತದೆ, ಆಮೇಲೆ ಬಿಡಲು ಮನಸ್ಸಾಗುವುದಿಲ್ಲ. ಯಾವುದನ್ನು ಬಳಸಿದಿರಿ, ಯಾವ ಆವೃತ್ತಿ ಅಂತ ಪ್ರಬಂಧದಲ್ಲಿ ಬರೆಯಿರಿ. ಮಾರ್ಗದರ್ಶಕರಿಗೆ ಈಗಲೇ ಒಂದು ಮಾತು ಹೇಳಿಬಿಡಿ.

ಪ್ರಶ್ನೆ: ಒಂದು ಅನುಮಾನ ಸರ್. ಕೋಡ್ ಎಲ್ಲರಿಗೂ ಕಾಣುತ್ತದೆ ಅಂದರೆ ಕಳ್ಳನಿಗೂ ಕಾಣುತ್ತದೆ ಅಲ್ವಾ? ಮನೆ ಬೀಗದ ನಕ್ಷೆಯನ್ನು ಬೀದಿಯಲ್ಲಿ ಅಂಟಿಸಿದ ಹಾಗಾಗಲಿಲ್ವಾ?

ಉತ್ತರ: ಒಳ್ಳೇ ಪ್ರಶ್ನೆ. "ಓಪನ್ ಸೋರ್ಸ್ ಅಂದ್ರೆ ಸೇಫ್" ಅಂತ ಕಣ್ಣು ಮುಚ್ಚಿ ಹೇಳುವವರಲ್ಲಿ ನಾನಿಲ್ಲ.

2024ರ ಮಾರ್ಚ್‌ನಲ್ಲಿ ನಡೆದದ್ದು ಹೇಳುತ್ತೇನೆ. ಎಕ್ಸ್‌ಝಡ್ ಅಂತ ಫೈಲ್ ಕುಗ್ಗಿಸುವ ಒಂದು ಸಣ್ಣ ಸಾಧನ. ವಿಂಡೋಸ್ ಬದಲು ಬಳಸುವ ಲಿನಕ್ಸ್‌ಗಳಲ್ಲಿ ಹೆಚ್ಚು ಕಡಿಮೆ ಎಲ್ಲದರಲ್ಲೂ ಇರುತ್ತದೆ, ಆದರೆ ನೋಡಿಕೊಳ್ಳುತ್ತಿದ್ದದ್ದು ಹೆಚ್ಚೂಕಡಿಮೆ ಒಬ್ಬರೇ, ಅದೂ ಬಿಡುವಿನ ಸಮಯದಲ್ಲಿ. ಯಾರೋ ಒಬ್ಬರು ಎರಡು ವರ್ಷಕ್ಕೂ ಜಾಸ್ತಿ ಸಹಾಯ ಮಾಡುತ್ತಾ ಮಾಡುತ್ತಾ ನಂಬಿಕೆ ಗಳಿಸಿದರು. ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಟ್ಟಾಗಿ ಒಂದು ಹಿಂಬಾಗಿಲು, ಅಂದರೆ ಹೊರಗಿನಿಂದ ಕಂಪ್ಯೂಟರ್ ಒಳಗೆ ನುಗ್ಗುವ ದಾರಿ, ಇಟ್ಟರು. ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಆಂಡ್ರೆಸ್ ಫ್ರೊಯಿಂಡ್ ಅನ್ನುವ ಎಂಜಿನಿಯರ್ ಬೇರೆ ಏನೋ ಪರೀಕ್ಷೆ ಮಾಡುತ್ತಿದ್ದರು. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿತ್ತು. ಯಾಕೆ ಅಂತ ಕೆದಕುತ್ತಾ ಹೋದರು, ಬಾಗಿಲು ಸಿಕ್ಕಿತು. ಅವರು ಕೆಲಸ ಮಾಡುವುದು ಮೈಕ್ರೋಸಾಫ್ಟ್‌ನಲ್ಲಿ ಅನ್ನುವುದು ಇನ್ನೊಂದು ತಮಾಷೆ.

ಇದರಲ್ಲಿ ಎರಡೂ ಇದೆ ನೋಡಿ. ತೆರೆದ ಬಾಗಿಲಿನಿಂದಲೇ ಕಳ್ಳ ಒಳಗೆ ಬಂದ. ತೆರೆದಿದ್ದರಿಂದಲೇ ಹೊರಗಿನ ಒಬ್ಬರು ಕೆದಕಿ ಹಿಡಿದರು. ಸಾಮಾನ್ಯ ಬಳಕೆದಾರರಲ್ಲಿ ಹೆಚ್ಚಿನವರ ಕಂಪ್ಯೂಟರಿಗೆ ಅದು ತಲುಪುವ ಮೊದಲೇ ತೆಗೆದುಹಾಕಿದರು.

ನಮ್ಮಂಥವರಿಗೆ ನಿಜವಾದ ಅಪಾಯ ಬೇರೆ ಕಡೆ ಇದೆ. ಹುಡುಕಿದಾಗ ಮೇಲೆ ಬರುವ ಜಾಹೀರಾತು, ಅದರ ಹಿಂದೆ ನಕಲಿ ಡೌನ್‌ಲೋಡ್ ಪುಟ. ವಿಡಿಯೋ ನೋಡುವ ವಿಎಲ್‌ಸಿ ಬೇಕಾದರೆ ಅದನ್ನು ಮಾಡುವ ವಿಡಿಯೋಲ್ಯಾನ್ ಪುಟಕ್ಕೇ ಹೋಗಿ, ಜಿಂಪ್ ಬೇಕಾದರೆ ಜಿಂಪ್‌ನ ಸ್ವಂತ ಪುಟಕ್ಕೇ. ವಿಳಾಸದ ಅಕ್ಷರ ಒಂದೊಂದಾಗಿ ಓದಿ. ಇನ್‌ಸ್ಟಾಲ್ ಮಾಡುವಾಗ ಸಂಬಂಧವಿಲ್ಲದ ಇನ್ನೇನನ್ನೋ "ಇದೂ ಇರಲಿ" ಅಂತ ಕೇಳಿದರೆ ಅಲ್ಲೇ ನಿಲ್ಲಿಸಿ.

ಪ್ರಶ್ನೆ: ಆಟೋಕ್ಯಾಡ್ ಬದಲು?

ಉತ್ತರ: ಎರಡು ಆಯಾಮದ ನಕ್ಷೆಗೆ ಲಿಬ್ರೆಕ್ಯಾಡ್, ಮೂರು ಆಯಾಮಕ್ಕೆ ಫ್ರೀಕ್ಯಾಡ್. ಫ್ರೀಕ್ಯಾಡ್ 1.0 ಬಂದದ್ದೇ 2024ರ ನವೆಂಬರ್‌ನಲ್ಲಿ. ಆದರೆ ನಿಮ್ಮ ಜೊತೆ ಕೆಲಸ ಮಾಡುವವರೆಲ್ಲ ಆಟೋಕ್ಯಾಡ್‌ನ ಡಿಡಬ್ಲ್ಯೂಜಿ ಫೈಲ್ ಕಳಿಸುತ್ತಾರಾ? ಹಾಗಿದ್ದರೆ ಬೇಡ ಅನ್ನುತ್ತೇನೆ. ಅದು ಮುಚ್ಚಿದ ನಮೂನೆ, ತೆರೆದಾಗ ಒಂದು ಗೆರೆ ಬಿಟ್ಟುಹೋದರೂ ನಿಮಗೆ ಗೊತ್ತಾಗುವುದಿಲ್ಲ. ಕಲಿಯಲಿಕ್ಕೆ, ಸ್ವಂತ ಕೆಲಸಕ್ಕೆ ಧಾರಾಳವಾಗಿ ಬಳಸಿ.

ಪ್ರಶ್ನೆ: ವಿಡಿಯೋ ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಓಪನ್ ಸೋರ್ಸ್ ತಾನೇ?

ಉತ್ತರ: ಅಲ್ಲ. ಅದರ ಒಂದು ಆವೃತ್ತಿ ಪುಕ್ಕಟೆ, ಕೋಡ್ ಮಾತ್ರ ಕಂಪನಿಯದ್ದೇ. ನಾಳೆ ಪುಕ್ಕಟೆ ನಿಲ್ಲಿಸಿದರೆ ಕೇಳುವ ಹಾಗಿಲ್ಲ. ಓಪನ್ ಸೋರ್ಸ್ ಬೇಕಾದರೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್. ಪರದೆ ರೆಕಾರ್ಡ್ ಮಾಡಲು ಓಬಿಎಸ್, ರೆಕಾರ್ಡಿಂಗ್‌ಗೆ ದುಡ್ಡು ಕೊಡುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಅನಿಮೇಶನ್ ಆಸಕ್ತಿ ಇದ್ದರೆ ಬ್ಲೆಂಡರ್. ಅದರ ಕಂಪನಿ 2002ರಲ್ಲಿ ಮುಳುಗಿದಾಗ ಬಳಸುವವರೇ ಏಳು ವಾರದಲ್ಲಿ 1 ಲಕ್ಷ ಯೂರೋ ಕೂಡಿಸಿ ಕೋಡನ್ನು ಬಿಡಿಸಿಕೊಂಡರು. 2025ರಲ್ಲಿ ಅನಿಮೇಶನ್ ವಿಭಾಗದಲ್ಲಿ ಆಸ್ಕರ್ ಗೆದ್ದ ಸಿನಿಮಾ ಮಾಡಿದ್ದು ಅದರಲ್ಲೇ. ಫ್ರೀ ಅಂದರೆ ಕಳಪೆ ಅನ್ನುವವರಿಗೆ ನಾನು ಹೇಳುವ ಮಾತು ಇದು.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಲು ಆಗುವುದಿಲ್ಲ ಅನ್ನುತ್ತಿದೆ. 10ಕ್ಕೆ ಬೆಂಬಲ ನಿಂತಿದೆ. ಲಿನಕ್ಸ್‌ಗೆ ಹಾರಲಾ?

ಉತ್ತರ: ಹೌದು, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಹಾರಬೇಡಿ, ಇಳಿಯಿರಿ. ಮೊದಲು ವಿಂಡೋಸ್‌ನಲ್ಲಿದ್ದುಕೊಂಡೇ ಸಾಫ್ಟ್‌ವೇರ್‌ಗಳನ್ನು ಬದಲಿಸಿ. ಬ್ರೌಸರ್‌ಗೆ ಫೈರ್‌ಫಾಕ್ಸ್, ಮೇಲ್‌ಗೆ ಥಂಡರ್‌ಬರ್ಡ್, ಲಿಬ್ರೆ ಆಫೀಸ್, ವಿಎಲ್‌ಸಿ. ಒಂದೆರಡು ತಿಂಗಳು ಕಳೆದರೆ ಕೈ ಪಳಗುತ್ತದೆ. ಆಮೇಲೆ ಲಿನಕ್ಸ್‌ಗೆ ಹೋದಾಗ ಇವೇ ನಾಲ್ಕು ಅಲ್ಲೂ ಇರುತ್ತವೆ, ಹೊಸ ಊರಿಗೆ ಹೋದ ಹಾಗೆ ಅನಿಸುವುದಿಲ್ಲ.

ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ ನೋಡಬಹುದು. ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ. ವೈಫೈ, ಸೌಂಡ್, ಪ್ರಿಂಟರ್, ಕ್ಯಾಮೆರಾ ನಾಲ್ಕೂ ಓಡುತ್ತವಾ ಅಂತ ಅಲ್ಲೇ ನೋಡಿ. ಅದಕ್ಕೂ ಮೊದಲು ಒಂದು ಕೆಲಸ: ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ಪರೀಕ್ಷಿಸಿ, ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೂಟ್ ಸೆಟ್ಟಿಂಗ್ ಮುಟ್ಟಿದ ಮೇಲೆ ವಿಂಡೋಸ್ ಆ ಕೀಯ 48 ಅಂಕಿ ಕೇಳಬಹುದು. ಇಲ್ಲ ಅಂದರೆ ಫೋಟೋಗಳೆಲ್ಲ ಒಳಗೇ ಉಳಿಯುತ್ತವೆ.

ಪ್ರಶ್ನೆ: ಸರ್, ನೀವು ಹೇಳಿದಿರಿ ಅಂತ ಫೈಲ್ ಕುಗ್ಗಿಸಿ ಕಟ್ಟುವ 7-ಜಿಪ್ ಹಾಕಿಕೊಂಡೆ. ರಾರ್ ಅನ್ನುವ ನಮೂನೆಯಲ್ಲಿ ಕಟ್ಟಿ ಕಳಿಸಿದ ಫೈಲ್ ತೆರೆಯುತ್ತದೆ, ಆದರೆ ನಾನು ರಾರ್ ಮಾಡೋಣ ಅಂದರೆ ಆಯ್ಕೆಯೇ ಕಾಣುತ್ತಿಲ್ಲ. ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ರಾರ್ ಬಿಚ್ಚಲು ಎಲ್ಲರಿಗೂ ಅನುಮತಿ ಇದೆ, ಕಟ್ಟುವ ಹಕ್ಕು ಅದನ್ನು ಮಾಡಿದವರದ್ದೇ. ನೀವು ಜಿಪ್ ಮಾಡಿ ಕಳಿಸಿ, ಆ ಕಡೆ ಏನಿದ್ದರೂ ತೆರೆಯುತ್ತದೆ. ಫೈಲ್ ತೀರಾ ದೊಡ್ಡದು, ಅವರ ಹತ್ತಿರವೂ 7-ಜಿಪ್ ಇದೆ ಅಂತ ಗೊತ್ತಿದ್ದರೆ ಮಾತ್ರ ಅದರದ್ದೇ ನಮೂನೆಯಾದ 7-ಝಡ್.