ಲಿಂಡೋಸ್‌ನ ಕಂಬಗಳು: ಕುಟುಂಬದ ಗುಂಪಿನಲ್ಲೊಂದು ವಾಗ್ವಾದ

ಶ್ರೀಧರ: (ಫಾರ್ವರ್ಡ್ ಮಾಡಿದ ಚಿತ್ರ) ಗ್ರೀಸಿನ ರೋಡ್ಸ್ ದ್ವೀಪದ ಲಿಂಡೋಸ್. ಕೆಳಗೆ ನೀಲಿ ಕಡಲು, ನಡುವೆ ಬಿಳಿ ಮನೆಗಳ ಊರು, ಗುಡ್ಡದ ನೆತ್ತಿಯ ಮೇಲೆ 2300 ವರ್ಷಗಳಿಂದ ಒಂದು ಕಲ್ಲೂ ಅಲುಗದೆ ನಿಂತಿರುವ ಅಥೀನಾ ದೇವಿಯ ದೇಗುಲ! ಎಲ್ಲರಿಗೂ ಕಳುಹಿಸಿ.

ದೊಡ್ಡಪ್ಪ: ಕಳುಹಿಸುವ ಮೊದಲು ನೀನು ಒಮ್ಮೆಯಾದರೂ ಓದಿದೆಯಾ, ಶ್ರೀಧರ? 1902ರಲ್ಲಿ ಡೆನ್ಮಾರ್ಕಿನ ಪುರಾತತ್ತ್ವಜ್ಞರು ಅಲ್ಲಿ ಅಗೆಯತೊಡಗಿದಾಗ ಹೆಚ್ಚಿನ ಕಂಬಗಳು ಉರುಳಿಬಿದ್ದಿದ್ದವು. ಅವನ್ನು ಎತ್ತಿ ನಿಲ್ಲಿಸಿದವರು 1912ರಿಂದ ಆ ದ್ವೀಪವನ್ನು ಆಳುತ್ತಿದ್ದ ಇಟಲಿಯವರು. ಅವರು ಸಿಮೆಂಟಿನೊಳಗೆ ಹಾಕಿದ ಕಬ್ಬಿಣದ ಸರಳು ತುಕ್ಕು ಹಿಡಿದು, ಉಬ್ಬಿ, ಹಳೆಯ ಕಲ್ಲನ್ನೇ ಸೀಳತೊಡಗಿದ್ದರಿಂದ, ಆ ಕೆಲಸವನ್ನು ಬಿಚ್ಚಿ ಸರಿಪಡಿಸುವ ಹೊಣೆ ಮುಂದೆ ಗ್ರೀಕರ ಹೆಗಲಿಗೆ ಬಿತ್ತು.

ಶ್ರೀಧರ: ಕಲ್ಲುಗಳು ಹಳೆಯವೇ ತಾನೇ, ದೊಡ್ಡಪ್ಪ? ಅಜ್ಜನ ಮನೆಯ ಹೆಂಚನ್ನು ನೀವೇ ಎರಡು ಸಲ ಬದಲಾಯಿಸಿದ್ದೀರಿ. ಆದರೂ ಅದು ಅಜ್ಜನ ಮನೆಯೇ.

ಮಾಲತಿ ಚಿಕ್ಕಮ್ಮ: ಇದಕ್ಕೆ ಉತ್ತರ ಹೇಳಿ, ಭಾವ. ಹೋದ ವರ್ಷ ನಾವು ಅಲ್ಲಿಗೆ ಹೋಗಿದ್ದಾಗ ಮರಳು ದಂಡೆಯಿಂದ ತಲೆಯೆತ್ತಿದ ನನಗೆ ಮೊದಲು ಕಂಡದ್ದು ದೇಗುಲವಲ್ಲ, ಸೇಂಟ್ ಜಾನ್ ಪಂಥದ ಕ್ರೈಸ್ತ ಯೋಧರ ಕೋಟೆಗೋಡೆ. ಅವರು 1522ರವರೆಗೆ ಆ ದ್ವೀಪದಲ್ಲಿದ್ದರಂತೆ. ಮೊಣಕಾಲು ನೋವಿದ್ದರೂ ಕತ್ತೆಯ ಮೇಲೆ ಕೂರಲು ಮನಸ್ಸೊಪ್ಪದೆ ನಡೆದೇ ಹತ್ತಿದೆ. ಹಾಗಾಗಿ ಆ ಮೆಟ್ಟಿಲುಗಳನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ದೊಡ್ಡಪ್ಪ: ಹೆಂಚು ಹೊಸದೆಂಬುದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ, ಮಾಲತಿ. ಕಟ್ಟಿದ್ದಕ್ಕೆ ನನ್ನ ಆಕ್ಷೇಪವಿಲ್ಲ. 'ಅಲುಗದೆ' ಎಂಬ ಮಾತಿಗೆ ಇದೆ. ಹಾಗೆ ನೋಡಿದರೆ ದೊಡ್ಡದಾಗಿ ಹೇಳಿಕೊಳ್ಳುವ ಚಪಲ ಆ ಊರಿಗೆ ಹೊಸದೇನಲ್ಲ. ಹಿಂದಿನ ದೇಗುಲ ಬೆಂಕಿಗೆ ಆಹುತಿಯಾಗಿ ಹಳೆಯ ಕಾಣಿಕೆಗಳು ನಾಶವಾದ ಎಷ್ಟೋ ಕಾಲದ ಬಳಿಕ, ಕ್ರಿ.ಪೂ. 99ರಲ್ಲಿ, ಊರಿನವರು ಆ ಕಾಣಿಕೆಗಳ ಪಟ್ಟಿಯನ್ನು ಕಲ್ಲಿನಲ್ಲಿ ಕೆತ್ತಿಸಿದರು. ಅದರಲ್ಲಿ ಗ್ರೀಕ್ ಪುರಾಣದ ವೀರ ಹೆರಾಕ್ಲೀಸ್ ಕೊಟ್ಟ ಗುರಾಣಿಗಳಿವೆ, ಟ್ರಾಯ್ ಯುದ್ಧದ ಕಥೆಯ ಸುಂದರಿ ಹೆಲೆನ್ ಕೊಟ್ಟ ಜೋಡಿ ಬಳೆಗಳಿವೆ! ಅದೇ ಕಲ್ಲು 1904ರಲ್ಲಿ ಒಂದು ಚರ್ಚಿನ ನೆಲಹಾಸಾಗಿ ಸಿಕ್ಕಿತು, ಈಗ ಕೋಪನ್‌ಹೇಗನ್ನಿನಲ್ಲಿದೆ.

ಶ್ರೀಧರ: ಹಾಗಾದರೆ ನನ್ನ ಫಾರ್ವರ್ಡ್ ಲಿಂಡೋಸ್‌ನ ಸಂಪ್ರದಾಯಕ್ಕೆ ತಕ್ಕಂತೆಯೇ ಇದೆ.

ದೊಡ್ಡಪ್ಪ: ಇಲ್ಲ. ಯಾವ ಕಾಣಿಕೆಯ ವಿಷಯವನ್ನು ಯಾವ ಲೇಖಕ ಬರೆದಿದ್ದಾನೆಂದು ಅವರು ಆ ಕಲ್ಲಿನಲ್ಲಿ ಆಧಾರ ಸಮೇತ ಕೆತ್ತಿಸಿದ್ದಾರೆ. ನಿನ್ನದರಲ್ಲಿ ಅದೂ ಇಲ್ಲ.