ಲ್ಯಾನ್ ಕೇಬಲ್ ಎಳೆಯುವವನು ಅದೇ ಲೈನಿನ ಶೇರು ಕೊಳ್ಳಬಹುದಾ?

ಹುಬ್ಬಳ್ಳಿ ಕೇಬಲಿಂಗ್:
ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ 14 ವರ್ಷದಿಂದ ನೆಟ್‌ವರ್ಕ್ ಕೇಬಲಿಂಗ್ ಕಾಂಟ್ರಾಕ್ಟ್ ಮಾಡುತ್ತಿದ್ದೇನೆ. ಕಾಲೇಜು, ಆಸ್ಪತ್ರೆ, ಗೋಡೌನು, ಎಲ್ಲ ಕಡೆ. ಮೊದಲು 305 ಮೀಟರಿನ ಕ್ಯಾಟ್ 6 ಅನ್ನುವ ನೆಟ್‌ವರ್ಕ್ ವೈರಿನ ಬಾಕ್ಸ್ ತಿಂಗಳಿಗೆ ನಾಲ್ಕು ಖಾಲಿಯಾದರೆ ದೊಡ್ಡದು. ಈಗ ಒಂದೇ ಆಸ್ಪತ್ರೆಗೆ ಇಪ್ಪತ್ತು ಬೇಕು. ವೈಫೈ ಬಂತು, ವೈರಿನ ಕಾಲ ಮುಗಿಯಿತು ಅಂತ ಹೇಳುತ್ತಿದ್ದರು. ಆದರೆ ಒಂದೊಂದು ವೈಫೈ ಡಬ್ಬಿಗೂ ಒಂದು ವೈರು ಹೋಗಲೇಬೇಕು, ಅಲ್ವಾ? ಕ್ಯಾಮೆರಾಗೆ ಕರೆಂಟ್ ಕೂಡ ಈಗ ಅದೇ ವೈರಿನಲ್ಲಿ ಹೋಗುತ್ತದೆ.

ಮಗಳ ಓದಿಗೆ ಅಂತ 3 ಲಕ್ಷ ಕೂಡಿಟ್ಟಿದ್ದೇನೆ. ಇನ್ನೂ ಆರು ವರ್ಷ ಬೇಕಾಗುವುದಿಲ್ಲ. ನೆಟ್‌ವರ್ಕ್ ಸಾಮಾನು, ಕೇಬಲ್ ಕಂಪನಿಗಳ ಶೇರು ಕೊಳ್ಳೋಣ ಅಂತ ತೇಜಸ್ ನೆಟ್‌ವರ್ಕ್ಸ್, ಎಚ್‌ಎಫ್‌ಸಿಎಲ್, ಡಿ-ಲಿಂಕ್ ಇಂಡಿಯಾ, ಫಿನೊಲೆಕ್ಸ್ ಕೇಬಲ್ಸ್ ಹೆಸರು ಬರೆದಿಟ್ಟುಕೊಂಡಿದ್ದೇನೆ. ತೇಜಸ್ ಮೇಲೆ ಮನಸ್ಸು ಜಾಸ್ತಿ. ಬೆಂಗಳೂರಿನ ಕಂಪನಿ, ಶುರುವಿನಲ್ಲಿ ಬೆನ್ನಿಗೆ ನಿಂತವರು ನಮ್ಮ ಹುಬ್ಬಳ್ಳಿಯಲ್ಲೇ ಹುಟ್ಟಿದ ಗುರುರಾಜ ದೇಶಪಾಂಡೆಯವರು. ತಿಳಿದವರು ಹೇಳಿ.

ದಾವಣಗೆರೆ ಹುಡುಗ:
ಅಣ್ಣ, ಫಿನೊಲೆಕ್ಸ್ ಹೆಸರಲ್ಲಿ ಕೇಬಲ್ ಇದೆ, ಆದರೆ ವ್ಯಾಪಾರದಲ್ಲಿ ದೊಡ್ಡ ಪಾಲು ಮನೆಗೆ ಎಳೆಯುವ ಕರೆಂಟ್ ವೈರಿನದು. ನೀವು ಎಳೆಯುವ ವೈರಿನ ಮೇಲೆ ದುಡ್ಡು ಹಾಕುತ್ತೇನೆ ಅಂದುಕೊಂಡು ತಾಮ್ರದ ರೇಟಿನ ಮೇಲೆ ಹಾಕಿದ ಹಾಗಾಗುತ್ತದೆ. ಮೊದಲು ಅದನ್ನು ನೋಡಿ.

ಮೈಸೂರು ರೌಟರ್:
ನಾನು 1998ರಲ್ಲಿ ಅಮೆರಿಕದ ಸ್ಯಾನ್ ಹೊಸೆಗೆ ನೆಟ್‌ವರ್ಕ್ ಇಂಜಿನಿಯರ್ ಆಗಿ ಹೋದವಳು. ಈಗ ರಿಟೈರ್ ಆಗಿ ಮೈಸೂರಿನಲ್ಲಿದ್ದೇನೆ. ನಿಮ್ಮ ಪ್ರಶ್ನೆ ಓದಿದಾಗ ಆಗಿನ ನನ್ನನ್ನೇ ನೋಡಿದ ಹಾಗಾಯಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಆಗ ನಮಗೆಲ್ಲ ಒಂದೇ ಮಾತು. ಇಂಟರ್ನೆಟ್ ಬೆಳೆಯುತ್ತದೆ, ಸ್ವಿಚ್ಚು ರೌಟರ್ ಬೇಕೇ ಬೇಕು, ಆದ್ದರಿಂದ ಈ ಶೇರು ಏರಲೇಬೇಕು. ಮೊದಲೆರಡು ಮಾತು ನಿಜವಾದವು. 2000ದ ಮಾರ್ಚಿನಲ್ಲಿ ಸ್ವಿಚ್ಚು ರೌಟರ್ ಮಾಡುವ ಸಿಸ್ಕೊ ಜಗತ್ತಿನಲ್ಲೇ ಅತಿ ಹೆಚ್ಚು ಬೆಲೆಯ ಕಂಪನಿ, ಶೇರು 80 ಡಾಲರ್. 2002ರ ಅಕ್ಟೋಬರಿನಲ್ಲಿ ಅದೇ ಶೇರು 10 ಡಾಲರಿಗಿಂತ ಕೆಳಗೆ. ಕಂಪನಿ ಮುಳುಗಿತ್ತಾ? ಇಲ್ಲ. 2000ದಲ್ಲೂ 2002ರಲ್ಲೂ ವರ್ಷದ ವ್ಯಾಪಾರ ಹತ್ತಿರ ಹತ್ತಿರ 19 ಬಿಲಿಯನ್ ಡಾಲರೇ. 2010ಕ್ಕೆ ಅದು 40 ಆಯಿತು. ಆದರೂ ಆ ಹಳೆಯ ರೇಟು ಮತ್ತೆ ಕಾಣಲು 2025ರ ಡಿಸೆಂಬರ್ ಬರಬೇಕಾಯಿತು. ಕೊಂಡ ಬೆಲೆ ಅಷ್ಟು ಜಾಸ್ತಿ ಇತ್ತು.

ದೇಶಪಾಂಡೆಯವರ ಮೇಲೆ ನನಗೂ ನಿಮ್ಮಷ್ಟೇ ಅಭಿಮಾನ. ಟೆಲಿಕಾಂ ಕಂಪನಿಗಳಿಗೆ ಫೈಬರ್ ಸಾಮಾನು ಮಾಡುತ್ತಿದ್ದ ಅವರ ಸೈಕಮೋರ್ ನೆಟ್‌ವರ್ಕ್ಸ್ 1999ರ ಅಕ್ಟೋಬರಿನಲ್ಲಿ 38 ಡಾಲರಿಗೆ ಶೇರು ಕೊಟ್ಟಿತು. ಮೊದಲ ದಿನವೇ 180 ದಾಟಿತು. ಆ ದಿನ ಆಫೀಸಿನಲ್ಲಿ ನಾವು ಕನ್ನಡದವರು ಮೂರು ಜನ ಸ್ವೀಟ್ ಹಂಚಿದ್ದೆವು. 2013ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ಜನ ಒಳ್ಳೆಯವರು, ಸಾಮಾನು ಒಳ್ಳೆಯದು. ಆದರೆ ಕೊಳ್ಳುತ್ತಿದ್ದ ಟೆಲಿಕಾಂ ಕಂಪನಿಗಳು ಸಾಲದಲ್ಲಿದ್ದವು. ಅವು ಕೈ ಬಿಗಿ ಹಿಡಿದ ದಿನ ಆರ್ಡರ್ ನಿಂತಿತು.

ನಾನೂ ಕಳೆದುಕೊಂಡೆ, ಬೇರೊಂದು ಕಂಪನಿಯಲ್ಲಿ. ಮೈಸೂರಿನ ಸೈಟಿಗೆ ಅಂತ ಇಟ್ಟ ದುಡ್ಡು. ಅಪ್ಪನಿಗೆ ಫೋನಿನಲ್ಲಿ ಹೇಳಲು ನಾಲ್ಕು ತಿಂಗಳು ಬೇಕಾಯಿತು.

ಈಗ ತೇಜಸ್ ವಿಷಯ. 2024-25ರಲ್ಲಿ ಸುಮಾರು 8,900 ಕೋಟಿ ವ್ಯಾಪಾರ. ಅದರ ನಂತರ, 2025ರ ಏಪ್ರಿಲ್‌ನಿಂದ ಜೂನ್ ಮೂರು ತಿಂಗಳಲ್ಲಿ ಬರೀ 202 ಕೋಟಿ, ಜೊತೆಗೆ ನಷ್ಟ. ಯಾಕೆ? ಬಿಎಸ್‌ಎನ್‌ಎಲ್ 4ಜಿಗೆ ಟಿಸಿಎಸ್ ಮೂಲಕ ಬಂದಿದ್ದ 7,492 ಕೋಟಿಯ ಆರ್ಡರಿನ ಸಾಮಾನು ಬಹುಪಾಲು ಕೊಟ್ಟು ಮುಗಿದಿತ್ತು. ಅದು ಮೊಬೈಲ್ ಟವರಿನ ಸಾಮಾನು, ನೀವು ಎಳೆಯುವ ವೈರಿನದಲ್ಲ! ಫೈಬರ್ ಸಾಮಾನು ಮಾಡುವ ಕಂಪನಿ ಅಂತ ಕೊಂಡವರಿಗೆ ಏರಿದ್ದೂ ಇಳಿದದ್ದೂ ಟವರಿನಿಂದ. ಕಂಪನಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಬ್ಬರೇ ದೊಡ್ಡ ಗಿರಾಕಿ ಇದ್ದರೆ ಹೀಗಾಗುತ್ತದೆ. ಹಳ್ಳಿಗಳಿಗೆ ಫೈಬರ್ ಇಂಟರ್ನೆಟ್ ಮುಟ್ಟಿಸುವ ಭಾರತ್‌ನೆಟ್ ಯೋಜನೆಗೆ 2023ರಲ್ಲಿ ಸರಕಾರ 1.39 ಲಕ್ಷ ಕೋಟಿ ಒಪ್ಪಿದೆ, ಫೈಬರ್ ಕಂಪನಿಗಳಿಗೆ ಅದರಿಂದ ಕೆಲಸ ಬರುತ್ತದೆ. ಆದರೆ ಆ ದುಡ್ಡು ಯಾವಾಗ ಕೈಗೆ ಬರುತ್ತದೆ ಅನ್ನುವುದೇ ಮುಖ್ಯ.

ದಯವಿಟ್ಟು ಮಗಳ ಓದಿನ ದುಡ್ಡು ಪೂರ್ತಿ ಹಾಕಬೇಡಿ.

ಹುಬ್ಬಳ್ಳಿ ಕೇಬಲಿಂಗ್:
ಮೇಡಂ, ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ದುಡ್ಡು ಯಾವಾಗ ಕೈಗೆ ಬರುತ್ತದೆ ಅಂದಿರಲ್ಲ, ಅದು ನನಗೆ ಸರಿಯಾಗಿ ತಾಗಿತು. ಒಂದು ಕಾಲೇಜಿಗೆ 240 ಪಾಯಿಂಟ್ ಹಾಕಿ ಕೊಟ್ಟು ಏಳು ತಿಂಗಳಾಯಿತು. ಬಿಲ್ ಇನ್ನೂ ಪಾಸಾಗಿಲ್ಲ. ಪುಸ್ತಕದಲ್ಲಿ ನನಗೆ ಲಾಭ, ಹುಡುಗರಿಗೆ ಸಂಬಳ ಕೊಡಲು ಸಾಲ. ಇಷ್ಟು ದೊಡ್ಡ ಕಂಪನಿಗಳಿಗೂ ಇದೇ ಪಾಡು ಅಂತ ಯೋಚಿಸಿರಲಿಲ್ಲ.

2.7 ಲಕ್ಷ ಎಫ್‌ಡಿಯಲ್ಲೇ ಇರಲಿ. 30 ಸಾವಿರ ಮಾತ್ರ, ಅದೂ ಓದಿ ನೋಡಿದ ಮೇಲೆ. ಹೀಗೆ ಬಾಕಿ ನಿಂತ ಬಿಲ್ಲು ಕಂಪನಿಯ ವಾರ್ಷಿಕ ವರದಿಯಲ್ಲಿ ಎಲ್ಲಿ ಸಿಗುತ್ತದೆ?

ಮೈಸೂರು ರೌಟರ್:
ಬ್ಯಾಲೆನ್ಸ್ ಶೀಟಿನಲ್ಲಿ ‘ಟ್ರೇಡ್ ರಿಸೀವಬಲ್ಸ್’ ಅಂತ ಒಂದು ಸಾಲು ಇರುತ್ತದೆ. ಅದರ ಪಕ್ಕ ನೋಟ್ ನಂಬರ್ ಕೊಟ್ಟಿರುತ್ತಾರೆ. ಆ ನೋಟಿಗೆ ಹೋದರೆ ಆರು ತಿಂಗಳ ಒಳಗಿನ ಬಾಕಿ ಎಷ್ಟು, ಒಂದು ವರ್ಷ ದಾಟಿದ್ದು ಎಷ್ಟು, ಮೂರು ವರ್ಷ ದಾಟಿದ್ದು ಎಷ್ಟು ಅಂತ ಬೇರೆ ಬೇರೆ ಇರುತ್ತದೆ. ಎಚ್‌ಎಫ್‌ಸಿಎಲ್, ತೇಜಸ್ ಎರಡರದ್ದೂ ಡೌನ್‌ಲೋಡ್ ಮಾಡಿ, ಮೂರು ವರ್ಷದ್ದು ಪಕ್ಕಪಕ್ಕ ಇಟ್ಟುಕೊಳ್ಳಿ. ಅರ್ಥವಾಗದ ಸಾಲು ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.