ಅಪ್‌ಡೇಟ್: ಹೊಟ್ಟೆ ಬೋಳಾಗುವಷ್ಟು ನೆಕ್ಕಿಕೊಳ್ತಿದ್ದ ಬೆಕ್ಕು

ಹೊಟ್ಟೆ, ಒಳತೊಡೆ ಬೋಳಾಗುವಷ್ಟು ನೆಕ್ಕಿಕೊಳ್ತಿದ್ದ ನಮ್ಮ ಚಿನ್ನಿ ಬಗ್ಗೆ ಕೇಳಿದ್ದೆನಲ್ಲ, ಈಗ ಬಹುಪಾಲು ನಿಂತಿದೆ. ಬೋಳಾದ ಜಾಗದಲ್ಲಿ ವೆಲ್ವೆಟ್ ಥರ ಸಣ್ಣ ಕೂದಲು ಬರ್ತಿದೆ.

ಕೈಹಿಡಿದಿದ್ದು "ಕಿಟಕಿ ಹೊರಗೆ ಏನಿದೆ ನೋಡಿ" ಅಂದವರ ಸಲಹೆ. ಸಂಜೆ ಹೊತ್ತಿಗೆ ಬೀದಿಯ ದಢೂತಿ ಗಂಡು ಬೆಕ್ಕೊಂದು ಕಾಂಪೌಂಡ್ ಮೇಲೆ ಕೂತು ಇವಳನ್ನೇ ದಿಟ್ಟಿಸ್ತಿತ್ತು. ಇವಳು ಬಾಲ ಬಡಿದೂ ಬಡಿದೂ, ಆಮೇಲೆ ಮಂಚದ ಕೆಳಗೆ ಸೇರಿ ನೆಕ್ಕೋಕೆ ಶುರು. ಗಾಜಿನ ಕೆಳಭಾಗಕ್ಕೆ ಪೇಪರ್ ಅಂಟಿಸಿದ್ವಿ. ದಿನಾ ಊಟಕ್ಕೆ ಮುಂಚೆ ದಾರ ಕಟ್ಟಿದ ಕಡ್ಡಿ ಹಿಡಿದು ಆಡಿಸ್ತೀವಿ.

ನೆಕ್ಕದ ಹಾಗೆ ಕುತ್ತಿಗೆಗೆ ಹಾಕೋ ಕೋನ್ ಪ್ರಯೋಜನವಾಗಲಿಲ್ಲ, ತೆಗೆದ ತಕ್ಷಣ ಬಡ್ಡಿ ಸಮೇತ ನೆಕ್ಕಿದಳು. ಕೊಬ್ಬರಿ ಎಣ್ಣೆ ಹಚ್ಚಿ ಅಂದವರೇ, ಅದನ್ನೂ ನೆಕ್ಕಿ ಮುಗಿಸಿದಳು!

ಹೊಸದಾಗಿ ಗೊತ್ತಾಗಿದ್ದು: ಡಾಕ್ಟರು ಕೂದಲನ್ನ ಮೈಕ್ರೋಸ್ಕೋಪಲ್ಲಿ ನೋಡಿದ್ರು. ತುದಿ ಮುರಿದಿದ್ರೆ ನೆಕ್ಕಿ ಹೋಗಿದ್ದು, ತಾನಾಗಿ ಉದುರಿದ್ದಲ್ಲ. ಚಿಗಟ, ಅಲರ್ಜಿ ಇಲ್ಲ ಅಂತ ಖಾತ್ರಿಯಾದ ಮೇಲೇ ನೆಕ್ಕೋಕೆ ಕಾರಣ ಮಾನಸಿಕ ಒತ್ತಡ ಅನ್ನಬೇಕಂತೆ. 2006ರ ಅಧ್ಯಯನವೊಂದರಲ್ಲಿ, ಒತ್ತಡ ಅಂದುಕೊಂಡಿದ್ದ 21 ಬೆಕ್ಕುಗಳಲ್ಲಿ 16ಕ್ಕೆ ಇದ್ದಿದ್ದು ತುರಿಕೆ ತರೋ ಕಾಯಿಲೆ! ಅಂದಹಾಗೆ, ನಾಯಿಯ ಚಿಗಟದ ಔಷಧಿ ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ದರೆ ಬೆಕ್ಕಿಗೆ ವಿಷ.